ಅಮೆರಿಕದ ಹಳೇ ಚಿನ್ನದ ನಾಣ್ಯ: ನೋಡುವುದು ಹೇಗೆ, ಅಪರೂಪ ಅಳೆಯುವುದು ಹೇಗೆ?

ಒಂದು ನಾಣ್ಯ ಎಷ್ಟು ಅಪರೂಪ ಎಂದು ತಿಳಿಯಲು ಎಲ್ಲರೂ ಮೊದಲು ನೋಡುವುದು, ಅದು ಎಷ್ಟು ಅಚ್ಚಾಗಿತ್ತು ಅಂತ. ಅಮೆರಿಕದ ಮೊದಲ ಚಿನ್ನದ ನಾಣ್ಯಗಳ ವಿಷಯದಲ್ಲಿ ಈ ಲೆಕ್ಕ ನಂಬಿದರೆ ಕೆಟ್ಟಿರಿ. ಅಲ್ಲಿ ಎಷ್ಟು ಕರಗಿಹೋಯಿತು ಎನ್ನುವುದೇ ಮುಖ್ಯ. ಮ್ಯೂಸಿಯಂನಲ್ಲೋ ಹರಾಜಿನ ಕ್ಯಾಟಲಾಗ್‌ನಲ್ಲೋ ಅಂಥದ್ದೊಂದು ಕಂಡರೆ ಹೀಗೆ ನೋಡುತ್ತಾ ಹೋಗಿ.

ಮೊದಲು ಇಸವಿ. 1792ರ ಕಾಯ್ದೆಯ ಪ್ರಕಾರ ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ಶುರುವಾಯಿತು. ಚಿನ್ನದಲ್ಲಿ ಮೂರು ನಾಣ್ಯ: 10 ಡಾಲರಿನ ಈಗಲ್, 5 ಡಾಲರಿನ ಹಾಫ್ ಈಗಲ್, ಎರಡೂವರೆ ಡಾಲರಿನ ಕ್ವಾರ್ಟರ್ ಈಗಲ್. ಮೊದಲ ಕಂತು ಹೊರಬಿದ್ದದ್ದು 1795ರ ಜುಲೈ ಕೊನೆಗೆ, 744 ಹಾಫ್ ಈಗಲ್. ಅಲ್ಲಿಂದ 1834ರ ನಡುವಿನವರೆಗೆ ಬಂದವೇ 'ಆರಂಭ ಕಾಲದವು'.

ಎರಡನೆಯದು, ಬೆಲೆ ಹುಡುಕಲು ಹೋಗಬೇಡಿ. 1807ರಲ್ಲಿ ಜಾನ್ ರೈಕ್ ಹಾಫ್ ಈಗಲ್‌ಗೆ ಹೊಸ ವಿನ್ಯಾಸ ಮಾಡುವವರೆಗೂ ಚಿನ್ನದ ನಾಣ್ಯದ ಮೇಲೆ ಬೆಲೆಯನ್ನೇ ಬರೆಯುತ್ತಿರಲಿಲ್ಲ. ತೂಕವೇ ಬೆಲೆ. ಈಗಲ್ 17.5 ಗ್ರಾಂ, ಹಾಫ್ ಈಗಲ್ 8.75 ಗ್ರಾಂ, ಎರಡೂ 22 ಕ್ಯಾರೆಟ್. ನಮ್ಮ ಒಡವೆ ಅಂಗಡಿಯ 916 ಚಿನ್ನ ಅಂದುಕೊಳ್ಳಿ.

ಹಾಗಾಗಿ ಮೇಲ್ಮೈಯಲ್ಲಿ ಸಾಲಾಗಿ ಗೀರು ಕಂಡರೆ ಸುಮ್ನೆ ಗಾಬರಿಯಾಗಬೇಡಿ. ತೂಕ ಜಾಸ್ತಿ ಇದ್ದ ಬಿಲ್ಲೆಯನ್ನು ಅಚ್ಚೊತ್ತುವ ಮೊದಲು ಅರದಿಂದ ಉಜ್ಜಿ ಸರಿಮಾಡುತ್ತಿದ್ದರು. ಆ ಗೀರೂ ಅದರ ಇತಿಹಾಸವೇ.

ಈಗಲ್, ಹಾಫ್ ಈಗಲ್‌ಗಳಲ್ಲಿ ಹಿಂಬದಿಯ ಹದ್ದು ನೋಡಿ. ಬಾಯಲ್ಲಿ ಎಲೆಗಳ ಮಾಲೆ ಹಿಡಿದ ಸಣ್ಣ ಹದ್ದಾದರೆ ಮೊದಲ ವಿನ್ಯಾಸ. ಎದೆಯ ಮೇಲೆ ಗುರಾಣಿ ಇದ್ದರೆ ನಂತರದ್ದು.

ಈಗ ಮುಖ್ಯ ಲೆಕ್ಕ. ಒಂದು ತೂಕ ಚಿನ್ನಕ್ಕೆ 15 ತೂಕ ಬೆಳ್ಳಿ ಎಂದು ಅಮೆರಿಕದ ಕಾಯ್ದೆ ಹೇಳಿತ್ತು. ಯುರೋಪಿನಲ್ಲಿ ಅದೇ ಚಿನ್ನಕ್ಕೆ ಹದಿನೈದೂವರೆ ಬೆಳ್ಳಿ ಸಿಗುತ್ತಿತ್ತು. ವ್ಯಾಪಾರಿಗಳು ಬಿಡುತ್ತಾರೆಯೇ? ಬೆಳ್ಳಿ ಕೊಟ್ಟು ಚಿನ್ನ ಕೊಂಡರು, ಹಡಗು ಹತ್ತಿಸಿದರು, ಅಲ್ಲಿ ಕರಗಿಸಿದರು. ಈಗಲ್ ತಯಾರಿಕೆ 1804ರಲ್ಲೇ ನಿಂತಿತು, ಮತ್ತೆ ಶುರುವಾದದ್ದು 1838ರಲ್ಲಿ. ಹಾಫ್ ಈಗಲ್ ಹೆಚ್ಚುಕಡಿಮೆ ಅಚ್ಚಾಗುತ್ತಲೇ ಇತ್ತು, ಮಾಯವಾಗುತ್ತಲೇ ಇತ್ತು. 1834ರಲ್ಲಿ ಕಾಯ್ದೆ ಬದಲಾಗಿ ಹಾಫ್ ಈಗಲ್ ತೂಕ 8.36 ಗ್ರಾಂಗೆ ಇಳಿಯಿತು, ಶುದ್ಧತೆಯೂ ಸ್ವಲ್ಪ ಕಡಿಮೆಯಾಯಿತು. ಅಲ್ಲಿಗೆ ಹಳೇ 5 ಡಾಲರಿನೊಳಗೆ ಸುಮಾರು 5.33 ಡಾಲರಿನ ಚಿನ್ನ ಕೂತಂತಾಯಿತು. ಉಳಿದವೂ ಕುಲುಮೆಗೆ ಹೋದವು.

1822ರ ಹಾಫ್ ಈಗಲ್ ನೋಡಿ. ಟಂಕಸಾಲೆಯ ಲೆಕ್ಕದಲ್ಲಿ ಆ ವರ್ಷ 17,796. ಇಂದು ಗೊತ್ತಿರುವವು ಮೂರೇ ಮೂರು! ಎರಡು ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿವೆ. ಮೂರನೆಯದು 2021ರ ಹರಾಜಿನಲ್ಲಿ 84 ಲಕ್ಷ ಡಾಲರಿಗೆ ಹೋಯಿತು. 1815ರಲ್ಲಿ ಅಚ್ಚಾದದ್ದು ಬರೀ 635, ಆದರೂ ಅವುಗಳಲ್ಲಿ ಹತ್ತಕ್ಕೂ ಹೆಚ್ಚು ಉಳಿದಿವೆ. ತಲೆಕೆಳಗಾದ ಲೆಕ್ಕ, ಅಲ್ವಾ?

1834 ಎಂದು ಬರೆದ ಹಾಫ್ ಈಗಲ್ ಸಿಕ್ಕರೆ ಹದ್ದಿನ ತಲೆಯ ಮೇಲ್ಗಡೆ ನೋಡಿ. 'ಇ ಪ್ಲೂರಿಬಸ್ ಯೂನಮ್' ಎಂಬ ಬರಹದ ಪಟ್ಟಿ ಇದ್ದರೆ ಹಳೇ ತೂಕದ್ದು, ಅಪರೂಪದ್ದು. ಇಲ್ಲದಿದ್ದರೆ ಹೊಸ ತೂಕದ್ದು, ಸುಲಭವಾಗಿ ಸಿಗುತ್ತದೆ.

ಕೊನೆಗೆ ಅಂಚು. ಇಂಥ ನಾಣ್ಯಗಳಿಗೆ ಕೊಂಡಿ ಬೆಸೆದು ಪದಕ ಮಾಡಿಕೊಂಡವರು ಬೇಕಾದಷ್ಟು ಜನ. ಬೆಸುಗೆ ತೆಗೆದ ಗುರುತಿದ್ದರೆ ಬೆಲೆ ಬಹಳ ಇಳಿಯುತ್ತದೆ, ಪಾಲಿಶ್ ಮಾಡಿದ್ದರೂ ಅಷ್ಟೇ. ಕೊಳ್ಳುವ ಆಲೋಚನೆ ಇದ್ದರೆ ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಾ ಸಂಸ್ಥೆಗಳು ಪರೀಕ್ಷಿಸಿ ಡಬ್ಬಿಯಲ್ಲಿ ಸೀಲ್ ಮಾಡಿದ್ದನ್ನೇ ನೋಡಿ. ಡಬ್ಬಿಯ ಮೇಲಿನ ನಂಬರನ್ನು ಅವರ ವೆಬ್‌ಸೈಟಿನಲ್ಲಿ ತಾಳೆ ನೋಡುವುದು ಮರೆಯಬೇಡಿ. ನಾಣ್ಯದ ಜೊತೆ ಡಬ್ಬಿಯನ್ನೂ ನಕಲು ಮಾಡುವವರಿದ್ದಾರೆ.