ಮುಟ್ಟಿದರೆ ಸುಡದ ಓವನ್ ಬಾಗಿಲು: ನಾನು ಲೆಕ್ಕ ಹಾಕಿ ಕಟ್ಟುವ ಕ್ರಮ

ಓವನ್ ಬಾಗಿಲು ಸುಡುತ್ತದೆ ಎಂದ ಕೂಡಲೇ ಬರುವ ಮೊದಲ ಸಲಹೆ "ಗಾಜು ದಪ್ಪ ಮಾಡಿ" ಎಂಬುದು. ಹಾಗೆ ಮಾಡಿದರೆ ಬಾಗಿಲು ಭಾರವಾಗುತ್ತದೆ, ಕೀಲಿನ ಸ್ಪ್ರಿಂಗ್ ಬದಲಿಸಬೇಕಾಗುತ್ತದೆ, ಬಿಸಿ ಮಾತ್ರ ಇದ್ದಲ್ಲೇ ಇರುತ್ತದೆ. ಚದರ ಮೀಟರಿಗೆ 1000 ವ್ಯಾಟ್ ಶಾಖ ಹಾಯ್ದು ಹೋಗುತ್ತಿದ್ದರೂ 4 ಮಿ.ಮೀ. ಗಾಜಿನ ಈ ಮುಖಕ್ಕೂ ಆ ಮುಖಕ್ಕೂ ಇರುವ ವ್ಯತ್ಯಾಸ ಬರೀ 4 ಡಿಗ್ರಿ. 8 ಮಿ.ಮೀ. ಹಾಕಿದರೆ 8 ಡಿಗ್ರಿ. ಬಾಗಿಲನ್ನು ತಣ್ಣಗಿಡುವ ಕೆಲಸವೆಲ್ಲ ನಡೆಯುವುದು ಗಾಜುಗಳ ನಡುವಿನ ಸಂದಿನಲ್ಲಿ.

ಕೆಲಸ ಶುರುವಾಗುವ ಮೊದಲು ಒಂದು ಅಂಕಿ ಗಟ್ಟಿ ಮಾಡಿಕೊಳ್ಳಬೇಕು: ಹೊರಗಾಜು ಎಷ್ಟು ಬಿಸಿ ಆಗಬಹುದು? ಸುಟ್ಟಗಾಯದ ಮಿತಿಗಳನ್ನು ಹೇಳುವ ಐಎಸ್‌ಒ 13732-1 ಮಾನದಂಡದ ಪ್ರಕಾರ, ಒಂದು ನಿಮಿಷ ಮುಟ್ಟಿಕೊಂಡೇ ಇದ್ದರೆ ಯಾವ ವಸ್ತುವಾದರೂ 51 ಡಿಗ್ರಿಗೆ ಸುಡುತ್ತದೆ. ಒಂದು ಸೆಕೆಂಡಿನ ಸ್ಪರ್ಶವಾದರೆ ವಸ್ತುವಿನ ಮೇಲೆ ನಿಂತಿದೆ: ಬರಿಯ ಲೋಹ ಸುಮಾರು 65ರಿಂದ 70ಕ್ಕೇ ಸುಡುತ್ತದೆ, ಗಾಜು 80ರ ಆಚೆಗೆ. ಲೋಹ ತನ್ನ ಒಳಗಿನ ಶಾಖವನ್ನು ಬೆರಳಿಗೆ ಬೇಗ ತಂದು ಸುರಿಯುತ್ತದೆ, ಗಾಜಿಗೆ ಆ ಚುರುಕಿಲ್ಲ. ದೊಡ್ಡವರು ಬಿಸಿ ತಾಗಿದೊಡನೆ ಕೈ ಎಳೆದುಕೊಳ್ಳುತ್ತಾರೆ. ಗಾಜಿಗೆ ಅಂಗೈ ಊರಿ ನಿಲ್ಲುವ ಮಗುವಿಗೆ ಅಷ್ಟು ಬೇಗ ಎಳೆದುಕೊಳ್ಳಲು ಬರುವುದಿಲ್ಲ. ಹಾಗಾಗಿ ಒಂದು ಸೆಕೆಂಡಿನ ಮಿತಿಯನ್ನು ನಾನು ಗುರಿಯಾಗಿ ಇಟ್ಟುಕೊಳ್ಳುವುದಿಲ್ಲ. ಓವನ್ 200 ಡಿಗ್ರಿಯಲ್ಲಿ ಒಂದು ಗಂಟೆ ಓಡಿದ ಮೇಲೂ ಹೊರಗಾಜು ಕೋಣೆಯ ಬಿಸಿಗಿಂತ 30 ಡಿಗ್ರಿಗಿಂತ ಹೆಚ್ಚು ಏರಬಾರದು. ಹಿಡಿಯ ಮಿತಿ ಇನ್ನೂ ಬಿಗಿ. ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60335-1 ಸ್ವಲ್ಪ ಹೊತ್ತು ಮಾತ್ರ ಹಿಡಿಯುವ ಲೋಹದ ಹಿಡಿಗೆ 35 ಡಿಗ್ರಿ ಏರಿಕೆಗೆ ಅವಕಾಶ ಕೊಡುತ್ತದೆ. ನಾನು 20ಕ್ಕೆ ನಿಲ್ಲಿಸುತ್ತೇನೆ.

ಇನ್ನು ಲೆಕ್ಕ. ನಿಂತ ಗಾಳಿಯಲ್ಲಿ ಹೊರಗಾಜು ಪ್ರತಿ ಡಿಗ್ರಿ ಏರಿಕೆಗೆ ಚದರ ಮೀಟರಿಗೆ ಹತ್ತು ವ್ಯಾಟಿನಷ್ಟು ಶಾಖವನ್ನು ಕೋಣೆಗೆ ಬಿಡುತ್ತದೆ. 30 ಡಿಗ್ರಿ ಅಂದರೆ 300 ವ್ಯಾಟ್. ಬಾಗಿಲಿನ ಗಾಜು 50 × 40 ಸೆಂ.ಮೀ. ಇದ್ದರೆ ಒಟ್ಟು 60 ವ್ಯಾಟ್, ಹಳೆಯ ಕಾಲದ ಒಂದು ಬಲ್ಬಿನಷ್ಟು. ಹೊರಗಾಜಿಗೆ ಬಂದು ಸೇರುವ ಶಾಖವೆಲ್ಲ ಈ 60 ವ್ಯಾಟಿನೊಳಗೆ ಇರಬೇಕು. ಮುಂದಿನ ಪ್ರತಿಯೊಂದು ನಿರ್ಧಾರವನ್ನೂ ಈ ಅಂಕಿಯ ಪಕ್ಕ ಇಟ್ಟು ನೋಡುತ್ತೇನೆ.

ಬಾಗಿಲಿನಲ್ಲಿ ಮೂರು ಗಾಜು: ಓವನ್ ಕಡೆಗೆ ಒಳಗಾಜು, ಆಮೇಲೆ ನಡುಗಾಜು, ಕೊನೆಗೆ ಹೊರಗಾಜು. ಒಳಗಾಜು 200 ಡಿಗ್ರಿ, ನಡುಗಾಜು 100 ಡಿಗ್ರಿ, ಇವೆರಡರ ನಡುವೆ 10 ಮಿ.ಮೀ. ಮುಚ್ಚಿದ ಸಂದು ಎಂದುಕೊಳ್ಳಿ. ಸಂದಿನ ಗಾಳಿಯ ಮೂಲಕ ದಾಟುವ ಶಾಖ ಚದರ ಮೀಟರಿಗೆ ಸುಮಾರು 350 ವ್ಯಾಟ್. ಸಾದಾ ಗಾಜುಗಳ ನಡುವೆ ವಿಕಿರಣದಿಂದ ದಾಟುವುದು ಸುಮಾರು 1260 ವ್ಯಾಟ್. ಅಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಶಾಖಕ್ಕೆ ಗಾಳಿಯ ಹಂಗೇ ಇಲ್ಲ. ಸಂದನ್ನು 10ರಿಂದ 20 ಮಿ.ಮೀ.ಗೆ ಹಿಗ್ಗಿಸಿದರೂ ವಿಕಿರಣ ಒಂದು ವ್ಯಾಟೂ ಇಳಿಯುವುದಿಲ್ಲ. ಗಾಳಿಯ ಪಾಲು ಕೂಡ ಅರ್ಧವಾಗುವುದಿಲ್ಲ, ಏಕೆಂದರೆ ಅಷ್ಟು ಅಗಲದಲ್ಲಿ ಗಾಳಿ ತಾನೇ ಸುತ್ತಲು ಶುರು ಮಾಡಿ ಶಾಖವನ್ನು ಹೊತ್ತು ದಾಟಿಸುತ್ತದೆ.

ಹಾಗಾಗಿ ಮೊದಲ ಖರ್ಚು ಲೋ-ಇ ಕೋಟಿಂಗಿಗೆ, ಅಂದರೆ ವಿಕಿರಣವನ್ನು ಕಡಿಮೆ ಸೂಸುವ ತೆಳು ಲೇಪಕ್ಕೆ. ಬೇಕಾದದ್ದು ಫ್ಲೋರಿನ್ ಬೆರೆಸಿದ ಟಿನ್ ಆಕ್ಸೈಡಿನ ಹಾರ್ಡ್ ಕೋಟ್. ಇದನ್ನು ಗಾಜು ತಯಾರಾಗುವಾಗಲೇ ಬಿಸಿ ಗಾಜಿನ ಮೇಲೆ ಕೂರಿಸಿರುತ್ತಾರೆ. ಕಿಟಕಿ ಗಾಜಿಗೆ ಬಳಸುವ ಬೆಳ್ಳಿಯ ಸಾಫ್ಟ್ ಕೋಟ್ ತೆರೆದ ಗಾಳಿಯಲ್ಲಿ, ಈ ಬಿಸಿಯಲ್ಲಿ ಬಾಳುವುದಿಲ್ಲ. ಸಾದಾ ಗಾಜಿನ ಎಮಿಸಿವಿಟಿ, ಅಂದರೆ ವಿಕಿರಣ ಸೂಸುವ ಗುಣದ ಅಳತೆ, 0.84, ಹಾರ್ಡ್ ಕೋಟ್ ಮುಖದ್ದು 0.15ರ ಆಸುಪಾಸು. ಎದುರುಬದುರು ಇರುವ ಎರಡು ಮುಖಗಳಲ್ಲಿ ಒಂದಕ್ಕೆ ಇದ್ದರೆ ಸಾಕು, 1260 ವ್ಯಾಟ್ ಸುಮಾರು 250ಕ್ಕೆ ಇಳಿಯುತ್ತದೆ. ಗಾಳಿಯ ಪಾಲೂ ಸೇರಿ 600. ಇದು ಒರಟು ಲೆಕ್ಕ, ನಿಜದಲ್ಲಿ ನಡುಗಾಜಿನ ಬಿಸಿಯೂ ಬದಲಾಗುತ್ತದೆ. ಆದರೂ ದಾರಿ ಯಾವ ಕಡೆ ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ.

ಕೋಟಿಂಗ್ ಯಾವ ಮುಖದಲ್ಲಿದೆ ಎಂದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೂ ಕಡ್ಡಿಗಳನ್ನು ಗಾಜಿನ ಮೇಲೆ ಒಂದೆರಡು ಸೆಂ.ಮೀ. ಅಂತರದಲ್ಲಿ ಮೆಲ್ಲಗೆ ಒತ್ತಿ. ಕೋಟಿಂಗ್ ಇರುವ ಮುಖ ವಿದ್ಯುತ್ ಹರಿಯಲು ಬಿಡುತ್ತದೆ, ಮೀಟರಿನಲ್ಲಿ ಒಂದು ಅಂಕಿ ಬಂದು ನಿಲ್ಲುತ್ತದೆ. ಬರಿ ಗಾಜಾದರೆ ಮೀಟರ್ ಅಲುಗುವುದೇ ಇಲ್ಲ. ಬಂದ ಪ್ರತಿ ಗಾಜನ್ನೂ ಹೀಗೆ ನೋಡಿಯೇ ಜೋಡಿಸಬೇಕು.

ಲೆಕ್ಕದ ಪ್ರಕಾರ ಕೋಟಿಂಗ್ ಸಂದಿನ ಎರಡು ಮುಖಗಳಲ್ಲಿ ಯಾವುದರ ಮೇಲಿದ್ದರೂ ಒಂದೇ. ಯಾವ ಸಂದು ಎಂಬುದು ಮುಖ್ಯ. ಓವನ್ ಒಳಗಿನ ಆವಿ, ಜಿಡ್ಡು ಬಡಿಯುವ ಮುಖಕ್ಕೆ ಇದನ್ನು ಕೊಡಬಾರದು. ಗಾಳಿ ಓಡಾಡುವ ಹೊರಸಂದಿಗೂ ಇದು ಮೊದಲ ಆಯ್ಕೆಯಲ್ಲ: ಜಿಡ್ಡಿನ ತೆಳು ಪದರ ಕುಳಿತರೆ ಎಮಿಸಿವಿಟಿ ಮತ್ತೆ ಮೇಲೇರುತ್ತದೆ, ಹೊಸದರಲ್ಲಿ ಪಾಸಾದ ಬಾಗಿಲು ಕ್ರಮೇಣ ಸುಡಲು ಶುರುವಾಗುತ್ತದೆ. ನಡುಗಾಜಿನ ಒಳಮುಖ, ಅಂದರೆ ಮುಚ್ಚಿದ ಸಂದಿನೊಳಗೆ ಓವನ್ ಕಡೆಗೆ ತಿರುಗಿದ ಮುಖ, ಇದಕ್ಕೆ ಸರಿಯಾದ ಜಾಗ. ಮೂರರ ಬದಲು ನಾಲ್ಕು ಗಾಜು ಇದ್ದರೆ ಎರಡು ನಡುಗಾಜುಗಳಿಗೂ ಹೀಗೆಯೇ. ಸುಮಾರು 500 ಡಿಗ್ರಿಗೆ ಕಾಯಿಸಿ ಕೊಳೆ ಬೂದಿ ಮಾಡುವ ಪೈರೊಲಿಟಿಕ್ ಓವನ್‌ಗೆ ನಾಲ್ಕು ಗಾಜು ಹಾಕಿ, ಒಳಗಿನದನ್ನು ಹೆಚ್ಚು ಬಿಸಿ ತಾಳುವ ಬೋರೋಸಿಲಿಕೇಟ್ ಗಾಜು ಮಾಡಿಬಿಡಿ.

ಕೋಟಿಂಗ್ ಹಾಕಿದ ಮೇಲೆ ಒಳಗಾಜು ಮೊದಲಿಗಿಂತ ಬಿಸಿಯಾಗುತ್ತದೆ, ಇದು ಹಲವರ ಲೆಕ್ಕದಿಂದ ತಪ್ಪಿಹೋಗುತ್ತದೆ. ಹೊರಗೆ ಹೋಗದ ಶಾಖ ಒಳಗೇ ನಿಂತಿರುತ್ತದಲ್ಲ. ಗಾಜನ್ನು ಚೌಕಟ್ಟಿಗೆ ಅಂಟಿಸಿದ ಸಿಲಿಕೋನ್ 250 ಡಿಗ್ರಿಯ ಒಳಗಿನದಾದರೆ ಮೊದಲು ಪುಡಿಯಾಗುವುದು ಅದೇ. ಅಂಟಿನ ಪಟ್ಟಿಯ ಜಾಗದಲ್ಲೇ ಒಂದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಟ್ಟು, ಗರಿಷ್ಠ ಬಿಸಿಯಲ್ಲಿ ಅಳೆದು, ಆಮೇಲೆ ಅಂಟು ಆರಿಸಿ.

ಚದರ ಮೀಟರಿಗೆ 600ರಿಂದ 300 ವ್ಯಾಟಿಗೆ ಇಳಿಸುವ ಉಳಿದ ಕೆಲಸ ಗಾಳಿಯದು. ನಡುಗಾಜು ಮತ್ತು ಹೊರಗಾಜಿನ ನಡುವೆ 10 ಮಿ.ಮೀ. ತೆರೆದ ಸಂದು, ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ, ಮೇಲಿನಿಂದ ಬಿಸಿ ಗಾಳಿ ಹೊರಗೆ. ಅರ್ಧ ಮೀಟರ್ ಅಗಲಕ್ಕೆ ದಾರಿಯ ವಿಸ್ತೀರ್ಣ 50 ಚದರ ಸೆಂ.ಮೀ. ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಏರುತ್ತ 20 ಡಿಗ್ರಿ ಬಿಸಿಯಾದರೆ ಹೊತ್ತೊಯ್ಯುವುದು 55 ವ್ಯಾಟ್. ಚದರ ಮೀಟರಿಗೆ ಲೆಕ್ಕ ಹಾಕಿದರೆ 275. 600ರಲ್ಲಿ ಅದನ್ನು ಕಳೆದರೆ 325 ಉಳಿಯಿತು. ಗುರಿಯ ಹತ್ತಿರ ಬಂದೆವು.

ಆದರೆ ಆ ವೇಗ ಬರುವುದು ಎಲ್ಲಿಂದ? ಫ್ಯಾನ್ ಇಲ್ಲದೆ ಬರೀ ಬಿಸಿಗಾಳಿಯ ಏರಿಕೆಯನ್ನು ನಂಬಿದರೆ, 40 ಸೆಂ.ಮೀ. ಎತ್ತರದ ಸಂದಿನಲ್ಲಿ ಸಿಗುವ ಎಳೆತ ಸುಮಾರು 0.4 ಪ್ಯಾಸ್ಕಲ್. ಇಷ್ಟು ಬಡ ಎಳೆತ ಯಾವ ಅಡ್ಡಿಯನ್ನೂ ತಾಳುವುದಿಲ್ಲ. ಸಾಮಾನ್ಯವಾಗಿ ಆಗುವ ತಪ್ಪು ಇಲ್ಲೇ: ಸಂದಿಗೆ 50 ಚದರ ಸೆಂ.ಮೀ. ಬಿಟ್ಟು, ಬಾಗಿಲಿನ ಕೆಳ ಅಂಚಿಗೆ ಅಂದದ ತೂತುಪಟ್ಟಿ ಹಾಕುತ್ತಾರೆ. ಪಟ್ಟಿಯಲ್ಲಿ ತೂತಿನ ಪಾಲು ಶೇ. 40 ಇದ್ದರೆ ದಾರಿ 20 ಚದರ ಸೆಂ.ಮೀ.ಗೆ ಬಿತ್ತು. ಮೇಲೆ ಕೆಳಗೆ ಎರಡೂ ಕಡೆ ತೆರಪಿನ ವಿಸ್ತೀರ್ಣ ಸಂದಿಗಿಂತ ಕಡಿಮೆ ಇರಬಾರದು. ದುಂಡು ತೂತಿಗಿಂತ ಉದ್ದ ಸೀಳು ಒಳ್ಳೆಯದು.

ಗೋಡೆಯೊಳಗೆ ಕೂರಿಸುವ ಓವನ್‌ಗಳಲ್ಲಿ ಮೇಲಿನ ಬ್ಲೋವರ್ (ಗಾಳಿ ಊದುವ ಫ್ಯಾನ್) ಈ ಕೆಲಸಕ್ಕೆ ಸಿಗುತ್ತದೆ. ಬಾಗಿಲಿನ ಮೇಲಂಚು ಮತ್ತು ಪ್ಯಾನೆಲ್ ನಡುವಿನ ಸೀಳಿನಿಂದ ಅದು ರಭಸದಲ್ಲಿ ಗಾಳಿ ಹೊರಹಾಕುವಾಗ ಬಾಗಿಲಿನ ಸಂದಿನ ಗಾಳಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಅದೇ ಗಾಳಿ ಹಿಡಿಯನ್ನೂ ಕಾಯಿಸುತ್ತದೆ. ಹಿಡಿ ಸುಡುತ್ತದೆ ಎಂದರೆ ಎಲ್ಲರೂ ಮೊದಲು ಅದರ ಕಾಲುಗಳನ್ನು ಅನುಮಾನಿಸಿ ಪ್ಲಾಸ್ಟಿಕ್ ಬಿಲ್ಲೆ ಹಾಕುತ್ತಾರೆ. ಊದುಬತ್ತಿಯೊಂದನ್ನು ಸೀಳಿನ ಮುಂದೆ ಹಿಡಿದು ನೋಡಿ. ಹೊಗೆ ನೇರ ಮುಂದಕ್ಕೆ ಹೋಗುತ್ತಿದ್ದರೆ ಸರಿ; ಬಾಗಿ ಹಿಡಿಯ ಸುತ್ತ ಸುಳಿದರೆ ಕಳ್ಳ ಸಿಕ್ಕ. ಸೀಳಿನ ಕೆಳತುಟಿಯನ್ನು 3-4 ಮಿ.ಮೀ. ಮುಂದಕ್ಕೆ ಚಾಚಿ ಸ್ವಲ್ಪ ಮೇಲಕ್ಕೆ ಬಗ್ಗಿಸಿದರೆ ಗಾಳಿ ಹಿಡಿಯ ಮೇಲಿಂದ ದಾಟಿಹೋಗುತ್ತದೆ. ಹಿಡಿಗೂ ಗಾಜಿಗೂ ಕನಿಷ್ಠ 40 ಮಿ.ಮೀ. ಬಿಡಿ, ಇಲ್ಲದಿದ್ದರೆ ಬೆರಳಿನ ಹಿಂಬದಿ ಗಾಜಿಗೆ ತಾಗುತ್ತದೆ.

ಓವನ್ ಆಫ್ ಮಾಡಿದಾಗ ಬ್ಲೋವರ್ ನಿಲ್ಲಿಸಬಾರದು. ಒಳಗೋಡೆ, ಅದರ ಸುತ್ತಲಿನ ಶಾಖ ತಡೆಯುವ ಉಣ್ಣೆ, ಒಳಗಾಜು ಹಿಡಿದಿಟ್ಟ ಶಾಖಕ್ಕೆ ಆಗಲೇ ಹೊರಬರುವ ಸಮಯ. ಗಾಳಿ ನಿಂತರೆ ಹೊರಗಾಜಿನ ಅತಿ ಹೆಚ್ಚಿನ ಬಿಸಿ ಅಡುಗೆಯ ಹೊತ್ತಿನಲ್ಲಿ ಬರದೆ, ಆಫ್ ಮಾಡಿದ ಹತ್ತು ಹದಿನೈದು ನಿಮಿಷದ ನಂತರ ಬರುತ್ತದೆ. ಒಳಗಿನ ಸೆನ್ಸರ್ 100 ಡಿಗ್ರಿಗಿಂತ ಕೆಳಗೆ ಬರುವವರೆಗೆ ಓಡಿಸಿ.

ಗಾಜಿಗೆ ಇಷ್ಟೆಲ್ಲ ಮಾಡಿ ಅಂಚಿನ ತಗಡಿನಲ್ಲಿ ಸೋತವರಿದ್ದಾರೆ. ಒಳಗಾಜಿನ ಚೌಕಟ್ಟಿನಿಂದ ಹೊರಗಾಜಿನವರೆಗೆ 30 ಮಿ.ಮೀ. ಆಳ, 400 ಮಿ.ಮೀ. ಎತ್ತರದ 0.8 ಮಿ.ಮೀ. ಸಾದಾ ಉಕ್ಕಿನ ಪಟ್ಟಿ ಇದೆ ಎನ್ನಿ. 100 ಡಿಗ್ರಿ ವ್ಯತ್ಯಾಸಕ್ಕೆ ಆ ಒಂದು ಪಟ್ಟಿಯಲ್ಲೇ 53 ವ್ಯಾಟ್ ಹರಿಯುತ್ತದೆ. ಎರಡು ಬದಿ ಸೇರಿದರೆ 60 ವ್ಯಾಟಿನ ಬಜೆಟ್ ಇದರಲ್ಲೇ ಮುಳುಗಿತು. ಸ್ಟೇನ್‌ಲೆಸ್ ಆದರೆ ಬದಿಗೆ 16 ವ್ಯಾಟ್. ಅದಕ್ಕೂ ಒಂದನ್ನೊಂದು ದಾಟುವ ಎರಡು ಸಾಲು ಸೀಳು ಕೊಯ್ದರೆ ಶಾಖ ಸುತ್ತಿ ಬಳಸಿ ಬರಬೇಕಾಗುತ್ತದೆ, ಇನ್ನಷ್ಟು ಇಳಿಯುತ್ತದೆ. ಅಲ್ಯೂಮಿನಿಯಂ ಪಟ್ಟಿ ನೋಡಲು ಚೆಂದ, ಒಳಗಿನಿಂದ ಹೊರಗಿನವರೆಗೆ ಒಂದೇ ತುಂಡಾಗಿ ಮಾತ್ರ ಬೇಡ.

ಗಾಜೆಲ್ಲ ಟಫನ್ಡ್, ಅಂದರೆ ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ್ದು, ಆಗಿರಲಿ. ನಡುಭಾಗ ಬಿಸಿ, ಚೌಕಟ್ಟಿನ ಮರೆಯ ಅಂಚು ತಣ್ಣಗೆ ಇದ್ದಾಗ ಅಂಚಿನಲ್ಲಿ ಎಳೆತ ಹುಟ್ಟುತ್ತದೆ: ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಹೆಚ್ಚೆಂದರೆ 0.63 ಮೆಗಾಪ್ಯಾಸ್ಕಲ್, 60 ಡಿಗ್ರಿಗೆ 38. ಸಾದಾ ಗಾಜಿನ ಅಂಚು ಇದಕ್ಕೆ ಬಿರುಕು ಬಿಡಬಹುದು. ಹಿಡಿಯ ಸ್ಕ್ರೂ ತೂತುಗಳನ್ನು ಟಫನ್ ಮಾಡುವ ಮೊದಲೇ ಕೊರೆಸಿ, ಆಮೇಲೆ ಕೊರೆದರೆ ಇಡೀ ಗಾಜು ಪುಡಿ. ಲೋಹ ಎಲ್ಲಿಯೂ ಗಾಜಿಗೆ ನೇರ ತಾಗಬಾರದು. 500 ಮಿ.ಮೀ. ಗಾಜು 200 ಡಿಗ್ರಿ ಏರಿದರೆ 0.9 ಮಿ.ಮೀ. ಹಿಗ್ಗುತ್ತದೆ, ಸುತ್ತ 1.5 ಮಿ.ಮೀ. ಬಿಟ್ಟರೆ ನೆಮ್ಮದಿ.

ಬಾಗಿಲಿನ ಸುತ್ತ ಸಂದು ಮುಚ್ಚುವ ಪಟ್ಟಿ, ಅಂದರೆ ಗ್ಯಾಸ್ಕೆಟ್ ಬಗ್ಗೆ ಒಂದೇ ಮಾತು. ಬಿಸಿ ಗಾಳಿ ನುಸುಳುವುದು ಮೇಲಿನ ಎರಡು ಮೂಲೆಗಳಲ್ಲಿ. ಕಾಗದದ ಪಟ್ಟಿಯೊಂದನ್ನು ಅಲ್ಲಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಕೊಕ್ಕೆ ಸರಿಸಬೇಕು ಅಥವಾ ಕೀಲಿನ ಸ್ಪ್ರಿಂಗ್ ಬಿಗಿ ಮಾಡಬೇಕು.

ಅಳೆಯುವಾಗ ಥರ್ಮಲ್ ಕ್ಯಾಮೆರಾದಿಂದ ಗಾಜಿನ ಮೇಲಿನ ಬಿಸಿ ಜಾಗ ಹುಡುಕಿ, ಅಂಕಿಗೆ ಮಾತ್ರ ಥರ್ಮೋಕಪಲ್ ನಂಬಿ. ಹೊಳೆಯುವ ಸ್ಟೀಲ್ ಹಿಡಿಯನ್ನು ಕ್ಯಾಮೆರಾದಲ್ಲಿ ನೋಡಿದರೆ ಕಾಣುವುದು ಎದುರಿನ ಗೋಡೆಯ ಬಿಸಿ. ಕಪ್ಪು ಮ್ಯಾಟ್ ಟೇಪ್ ಅಂಟಿಸಿ ನೋಡಬೇಕು. ಗೋಡೆಯೊಳಗಿನ ಓವನನ್ನು ಮೇಜಿನ ಮೇಲೆ ಬಿಡಿಯಾಗಿಟ್ಟು ಅಳೆದರೆ ಫಲಿತಾಂಶ ಸುಳ್ಳೇ ಸುಳ್ಳು, ಸುತ್ತ 20 ಮಿ.ಮೀ. ಪ್ಲೈವುಡ್ ಗೂಡು ಇರಲಿ. ಗ್ರಿಲ್ ಮೋಡನ್ನು ಬೇರೆಯಾಗಿಯೇ ಅಳೆಯಿರಿ. 200 ಡಿಗ್ರಿಯ ಗೋಡೆ ಸೂಸುವ ವಿಕಿರಣವನ್ನು ಗಾಜು ಬಹುಪಾಲು ತಾನೇ ಹೀರಿಕೊಳ್ಳುತ್ತದೆ. ಕೆಂಪಗೆ ಕಾದ ಗ್ರಿಲ್ ಕಾಯಿಲಿನದ್ದರಲ್ಲಿ ಒಂದು ಪಾಲು ಒಳಗಾಜನ್ನು ತೂರಿಕೊಂಡು ನೇರ ನಡುಗಾಜಿಗೇ ಬಡಿಯುತ್ತದೆ. ಬೇಕಿಂಗಿನಲ್ಲಿ ಪಾಸಾಗಿ ಗ್ರಿಲ್ಲಿನಲ್ಲಿ ಸೋಲುವ ಬಾಗಿಲುಗಳ ಕಥೆ ಇದೇ, ಬಿಸಿ ಚುಕ್ಕೆ ಆಗ ಗಾಜಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಕಾಣುತ್ತದೆ.

ಕೊನೆಗೆ, ನಡುಗಾಜನ್ನು ತೊಳೆಯಲು ಬಿಚ್ಚುವವರು ಅದನ್ನು ತಿರುವಿ ಹಾಕಿಯೇ ಹಾಕುತ್ತಾರೆ. ಆಗ ಕೋಟಿಂಗ್ ಜಿಡ್ಡಿನ ಸಂದಿಗೆ ಬರುತ್ತದೆ. ಬಾಣದ ಗುರುತು ಯಾರೂ ಓದುವುದಿಲ್ಲ. ಗಾಜಿನ ಒಂದೇ ಮೂಲೆಯನ್ನು ಓರೆಯಾಗಿ ಕತ್ತರಿಸಿ, ಚೌಕಟ್ಟಿನ ಅದೇ ಮೂಲೆಯಲ್ಲಿ ಒಂದು ಗುಬುಟು ಕೊಡಿ. ತಿರುಗಿಸಿ ಇಟ್ಟರೆ ಗಾಜು ಕೂರುವುದೇ ಇಲ್ಲ.