ಕುಡಿಯುವ ನೀರಿನ ಲೆಕ್ಕ ಮನೆಯವರೇ ಇಡಬೇಕು

ಚಿತ್ರದುರ್ಗಕ್ಕೆ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಕೆಲಸಕ್ಕೆಂದು ಬಂದು ಬಾಡಿಗೆ ಮನೆ ಹಿಡಿದವರು ಸಂಸಾರ ಹೂಡುವಾಗ ನನ್ನನ್ನು ಏನೇನೋ ಕೇಳುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಮನೆಗೆ ಯಾವ ನೀರು ಬರುತ್ತೆ ತಾಯಿ? ನಲ್ಲಿಯದೋ, ಬೋರಿನದೋ, ಟ್ಯಾಂಕರಿನದೋ? ಪಟ್ಟಣಕ್ಕಾದರೆ ಶಾಂತಿಸಾಗರ ಕೆರೆಯದ್ದು, ವಾಣಿವಿಲಾಸ ಸಾಗರ ಜಲಾಶಯದ್ದು ಬರುತ್ತೆ. ಅದು ಬರದ ದಿನ ಬೋರಿನದನ್ನೇ ಕೊಡಕ್ಕೆ ಹಿಡಿದು ಒಲೆಯ ಮೇಲಿಡುತ್ತೇವೆ. ಹಳ್ಳಿಗಳಲ್ಲಂತೂ ಬಹಳ ಮನೆಗೆ ಬೋರೇ ಗತಿ.

ನಮ್ಮ ಜಿಲ್ಲೆಯ ಕೊಳವೆಬಾವಿಗಳಲ್ಲಿ ಬಹಳ ಕಡೆ ಫ್ಲೋರೈಡ್ ಇದೆ. ಆಳದ ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತಿರುತ್ತೆ, ಕಲ್ಲಿನೊಳಗಿನ ಫ್ಲೋರೈಡ್ ಅದರಲ್ಲಿ ಕರಗಿರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ನಾಲಿಗೆಗೂ ತಿಳಿಯಲ್ಲ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದನ್ನೇ ಫ್ಲೋರೈಡ್ ಅಂದುಕೊಂಡವರು ಬಹಳ ಜನ. ಅದು ಸುಣ್ಣದಂಶ, ಗಡಸು ನೀರಿನ ಗುರುತು ಅಷ್ಟೆ. ಪೊರೆ ಕಟ್ಟದ ನೀರಿನಲ್ಲೂ ಫ್ಲೋರೈಡ್ ಇರಬಹುದು. ಆದ್ದರಿಂದ ಕಣ್ಣಳತೆ ಇಲ್ಲಿ ನಡೆಯಲ್ಲ, ಪರೀಕ್ಷೆ ಮಾಡಿಸಲೇಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ, ಅದಕ್ಕಿಂತ ಮೇಲೆ ಕೂಡದು. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಕೇಳಿ. ಊರಲ್ಲಿರುವವರು ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿದು ನೀರಿನ ಪ್ರಯೋಗಾಲಯಕ್ಕೆ ಕೊಡಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಮಾಡಿಸಿದರೆ ನೀರಿನ ಗುಣ ಹೇಗೆ ಬದಲಾಗುತ್ತೆ ಅಂತ ತಿಳಿಯುತ್ತೆ.

ಕುದಿಸಿದರೆ ಸರಿಹೋಗುತ್ತೆ ಅನ್ನುವ ಮಾತನ್ನು ದಯವಿಟ್ಟು ಬಿಡಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಅಷ್ಟೆ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು, ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಕಾಲ ಅದು. ಆಗ ಕೂತ ಕಂದು ಕಲೆ ಮುಂದೆ ಎಷ್ಟು ಉಜ್ಜಿದರೂ ಹೋಗಲ್ಲ. ದೊಡ್ಡವರಿಗೆ ವರ್ಷಗಳು ಕಳೆದ ಮೇಲೆ ಕತ್ತು ತಿರುಗಲ್ಲ, ಸೊಂಟ ಬಗ್ಗಲ್ಲ. ವಯಸ್ಸಾಯಿತು ಅಂತ ಸುಮ್ಮನಿರುವ ಎಷ್ಟೋ ಜನರ ನೋವಿಗೆ ಮೂಲ ಬಿಂದಿಗೆಯಲ್ಲಿರಬಹುದು. ನನ್ನ ಸಂಕಟ ಇದೇ.

ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಘಟಕದಿಂದ ತರುವವರು, ಕೊನೆಯ ಸಲ ನೀರು ಪರೀಕ್ಷೆ ಮಾಡಿಸಿದ ಚೀಟಿ ಕೇಳಿ ನೋಡಿ. ಕೇಳುವುದು ನಮ್ಮ ಹಕ್ಕು. ಕ್ಯಾನಿನ ಒಳಗೆ ಕೈ ಹಾಕಿ, ಜಾರುವ ಪಾಚಿ ಬೆರಳಿಗೆ ತಾಗಿದರೆ ಆ ದಿನವೇ ಉಜ್ಜಿ ತೊಳೆಯಿರಿ. ಅನ್ನಕ್ಕೆ, ಬೇಳೆಗೆ, ಚಹಾಕ್ಕೂ ಇದೇ ನೀರು ಬಳಸಬೇಕು. ಕುಡಿಯಲು ಮಾತ್ರ ಒಳ್ಳೆಯ ನೀರು ಇಟ್ಟುಕೊಂಡು ಅಡುಗೆಗೆ ಬೋರಿನದು ಸುರಿದರೆ ಫ್ಲೋರೈಡ್ ತಟ್ಟೆಯ ದಾರಿಯಲ್ಲಿ ಬರುತ್ತೆ. ಚಹಾಸೊಪ್ಪಿನಲ್ಲೂ ಫ್ಲೋರೈಡ್ ಇರುವುದರಿಂದ ಗಟ್ಟಿ ಚಹಾ ಕಡಿಮೆ ಮಾಡಿ. ಹಾಲು, ಮಜ್ಜಿಗೆ, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಧಾರಾಳವಾಗಿ ತಿನ್ನಿ. ಮನೆಯಲ್ಲೇ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಇದ್ದರೆ ಒಂದು ಬಿಂದಿಗೆ ಒಳ್ಳೆಯ ನೀರಿಗೆ ಎರಡು ಮೂರು ಬಿಂದಿಗೆ ಹೊರಗೆ ಹೋಗುತ್ತೆ. ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸಿ. ಉಪ್ಪಿನಂಶ ಸೇರಿದ ನೀರದು, ದಿನಾ ಗಿಡಕ್ಕೆ ಹಾಕಿದರೆ ಮಣ್ಣು ಕೆಡುತ್ತೆ.

ಇದಕ್ಕೆಲ್ಲ ಅಗ್ಗದ ಉತ್ತರ ಮಾಳಿಗೆಯ ಮೇಲೆ ಬೀಳುತ್ತೆ. ಮಳೆ ನೀರಿನಲ್ಲಿ ಫ್ಲೋರೈಡಿನ ಕಾಟವಿಲ್ಲ. ನಮ್ಮಲ್ಲಿ ಮಳೆ ಎಲ್ಲಿದೆ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತರ ಸೈಟಿಗೆ ಪೂರ್ತಿ ಮಾಳಿಗೆ ಇದ್ದರೆ ಸುಮಾರು 110 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೂ 55 ಸಾವಿರ ಲೀಟರ್ ಆಯಿತು. ಆವಿಯಾಗಿದ್ದು, ಚೆಲ್ಲಿಹೋದದ್ದು ಕಳೆದರೂ 40 ಸಾವಿರಕ್ಕೆ ಮೋಸವಿಲ್ಲ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ 9 ಸಾವಿರ ಚಿಲ್ಲರೆ ಸಾಕು. ನಾಲ್ಕರಲ್ಲಿ ಒಂದು ಪಾಲು ಹಿಡಿದಿಟ್ಟರೂ ಬದುಕು ನಡೆಯುತ್ತೆ. ನಮ್ಮ ಕೋಟೆ ನೋಡಿ, ಗುಡ್ಡದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ ನೀರು ಇಳಿಯುವಂತೆ ಕಟ್ಟಿದ್ದಾರೆ. ಬಂಡೆಯ ಮೇಲೆ ಬಿದ್ದ ಹನಿಯನ್ನೂ ಬಿಡದ ಊರು ಇದು. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಕಾಯುವ ನೆಲದಲ್ಲಿ ಮಾಳಿಗೆಯ ನೀರನ್ನು ಚರಂಡಿಗೆ ಬಿಡುವುದು ನನಗೆ ಸಹಿಸಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ. ನಮ್ಮಲ್ಲಿ ಚೆನ್ನಾಗಿ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆಯೇ ಮಾಳಿಗೆ ಗುಡಿಸಿ, ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಬಹಳ ದಿನ ಬಿಟ್ಟು ಮಳೆ ಬಂದಾಗ ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಹೊರಗೆ ಬಿಡಿ, ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಹೋಗುತ್ತೆ. ಆಮೇಲಿನದನ್ನು ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಸಂಪಿಗೆ ಇಳಿಸಿ. ಸಂಪಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಈ ನೀರನ್ನು ಕುಡಿಯುವಾಗ ಮಾತ್ರ ಕುದಿಸಿ ಆರಿಸಿಕೊಳ್ಳಿ, ಇಲ್ಲಿ ಕುದಿಸಿದ್ದಕ್ಕೆ ಪ್ರಯೋಜನ ಇದೆ.

ನೀರು ಕೂಡಿಟ್ಟ ಮನೆಗೆ ಸೊಳ್ಳೆಯ ಜವಾಬ್ದಾರಿಯೂ ಬರುತ್ತೆ. ಡೆಂಗ್ಯೂ ತರುವ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದು ಅಪರೂಪ, ಅದಕ್ಕೆ ಬೇಕಾದದ್ದು ನಮ್ಮ ಡ್ರಮ್ಮಿನ ತಿಳಿನೀರು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ತಲೆ ಕೆಳಗಾಗಿ ನೇತುಬಿದ್ದ ಸಣ್ಣ ಹುಳಗಳು ಬೆಳಕು ಬಿದ್ದ ಕೂಡಲೆ ಬಳುಕುತ್ತಾ ತಳಕ್ಕೆ ಇಳಿಯುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಅದಕ್ಕೇ ಡ್ರಮ್ಮು, ಬಕೆಟ್ಟುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡುವ ನಿಯಮ. ಖಾಲಿ ಮಾಡಿದರೆ ಸಾಲದು, ಮೊಟ್ಟೆಗಳು ನೀರಿನ ಮಟ್ಟದ ತುಸು ಮೇಲೆ ಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರ್, ಹೂಕುಂಡದ ಕೆಳಗಿನ ತಟ್ಟೆ, ಹಿತ್ತಿಲಲ್ಲಿ ಬಿದ್ದ ತೆಂಗಿನ ಚಿಪ್ಪು ಮರೆಯಬೇಡಿ. ಆ ಸೊಳ್ಳೆ ಹಗಲು ಕಚ್ಚುತ್ತೆ, ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಕಟ್ಟಿ.

ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಡೆಂಗ್ಯೂನಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಪ್ಯಾರಾಸಿಟಮಾಲ್ ಒಂದೇ, ಅದೂ ವೈದ್ಯರು ಹೇಳಿದ ಅಳತೆಯಲ್ಲಿ. ಪಪ್ಪಾಯಿ ಎಲೆಯ ರಸ ನಂಬಿ ಮನೆಯಲ್ಲಿ ಕೂರಬೇಡಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಇನ್ನು ಹಿತ್ತಿಲಿನ ಮಾತು. ಅಕ್ಕಿ, ತರಕಾರಿ ತೊಳೆದ ನೀರು ಕರಿಬೇವು, ನುಗ್ಗೆಯ ಬುಡಕ್ಕೆ ಹೋಗಲಿ. ಉದುರಿದ ಬೇವಿನೆಲೆ, ಶೇಂಗಾ ಸಿಪ್ಪೆಗೆ ಬೆಂಕಿ ಹಚ್ಚುವ ರೂಢಿ ನಮ್ಮ ಓಣಿಗಳಲ್ಲಿ ಇನ್ನೂ ಇದೆ, ಅದರ ಜೊತೆಗೆ ಪ್ಲಾಸ್ಟಿಕ್ ಕವರೂ ಸುಡುತ್ತೆ, ಆ ಹೊಗೆ ಮೊದಲು ನುಗ್ಗುವುದು ಹಚ್ಚಿದವರ ಮನೆಯ ಕಿಟಕಿಗೇ. ಎರಡಡಿ ಗುಂಡಿ ತೋಡಿ, ಎಲೆಯ ಮೇಲೆ ಒಂದು ಪದರ ಅಡುಗೆಮನೆಯ ಹಸಿ ಕಸ, ಅದರ ಮೇಲೆ ಹಿಡಿ ಮಣ್ಣು, ಹೀಗೆ ತುಂಬುತ್ತಾ ಹೋಗಿ. ನಮ್ಮ ಬಿಸಿಲಿಗೆ ಬೇಗ ಒಣಗುವುದರಿಂದ ವಾರಕ್ಕೆರಡು ಸಲ ನೀರು ಚಿಮುಕಿಸಿ, ಕೋಲಿನಿಂದ ತಿರುವಿ. ಕಪ್ಪಗೆ ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಗಿದೆ, ಗಿಡಕ್ಕೆ ಹಾಕಬಹುದು.