ಪಾಸ್ತಾಕ್ಕೆಂದು ತಾರಸಿಯಲ್ಲಿ ಬೆಳೆದ ಸೊಪ್ಪುಗಳು: ನನ್ನ ಅನುಭವ

ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಪಾಸ್ತಾಕ್ಕೆ ಬೇಕಾಗುವ ಪರಿಮಳದ ಸೊಪ್ಪುಗಳನ್ನು ನಾನು ಕುಂಡಗಳಲ್ಲಿ ಬೆಳೆಯುತ್ತೇನೆ. ಯಾವ ಸೊಪ್ಪನ್ನು ಅಡುಗೆಯ ಯಾವ ಹಂತದಲ್ಲಿ ಹಾಕಬೇಕೆಂಬುದನ್ನು ನಾನು ಬಹುಮಟ್ಟಿಗೆ ಕಲಿತದ್ದು ಈ ಕುಂಡಗಳಿಗೆ ನೀರು ಹಾಕುತ್ತಲೇ. ಬೇಸಿಲ್ ಮತ್ತು ಪಾರ್ಸ್ಲಿ ಮಣ್ಣಿನಲ್ಲಿ ಸದಾ ತುಸು ತೇವವನ್ನು ಬೇಡುವ ಮೆದು ಎಲೆಯ ಗಿಡಗಳು. ಅವುಗಳ ಪರಿಮಳ ಒಲೆಯ ಮೇಲೆ ಬೇಗ ಹಾರಿಹೋಗುತ್ತದೆ. ರೋಸ್‌ಮರಿ, ಥೈಮ್, ಸೇಜ್, ಓರೆಗಾನೊ ಮೆಡಿಟರೇನಿಯನ್ ಸೀಮೆಯ ಒಣ, ಕಲ್ಲುನೆಲಕ್ಕೆ ಒಗ್ಗಿದವು. ಬಿಸಿ ಎಣ್ಣೆಗೋ ಬೆಣ್ಣೆಗೋ ಬಿದ್ದಾಗ ಅವುಗಳ ಗಂಧ ಹೊರಬರುತ್ತದೆ. ನಾವು ಒಗ್ಗರಣೆಗೆ ಕರಿಬೇವು ಹಾಕಿ, ಕೊತ್ತಂಬರಿಯನ್ನು ಇಳಿಸಿದ ಮೇಲೆ ಉದುರಿಸುವುದು ಇದೇ ತಿಳಿವಳಿಕೆಯಿಂದ.

ನನ್ನ ಹೆಚ್ಚಿನ ಆರೈಕೆ ಸಲ್ಲುವುದು ಬೇಸಿಲ್‌ಗೆ. ಪೆಸ್ಟೊ, ಅಂದರೆ ಪಾಸ್ತಾಕ್ಕೆ ಕಲಸುವ ಹಸಿ ಬೇಸಿಲ್ ಚಟ್ನಿ, ಮಾಡುವ ಉದ್ದೇಶವಿದ್ದರೆ ಬೀಜ ಕೊಳ್ಳುವಾಗ ಜೆನೊವೀಸ್ ತಳಿಯನ್ನೇ ಕೇಳಿ ಪಡೆಯಬೇಕು. ನಮ್ಮ ಕಾಮಕಸ್ತೂರಿಯೂ ಇದೇ ಪ್ರಭೇದಕ್ಕೆ ಸೇರಿದ್ದಾದರೂ, ನನಗೆ ಸಿಕ್ಕ ಗಿಡಗಳ ಘಾಟು ಪೆಸ್ಟೊಗೆ ಹೆಚ್ಚೆನಿಸಿತು. ಕೆಂಪು ಮಣ್ಣು, ಕೋಕೊಪೀಟ್, ಎರೆಗೊಬ್ಬರಗಳನ್ನು ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದ ಕುಂಡದಲ್ಲಿ ಬೀಜವನ್ನು ಮೇಲ್ಮೇಲೆ ಚೆಲ್ಲಿ ತೆಳುವಾಗಿ ಮಣ್ಣು ಮುಚ್ಚಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಮೂರು ನಾಲ್ಕು ಜೊತೆ ಎಲೆ ಮೂಡಿದಾಗ ತುದಿಯನ್ನು ಗಿಣ್ಣಿನ ಮೇಲೆ ಚಿವುಟುತ್ತೇನೆ. ಆ ಗಿಣ್ಣಿನಿಂದ ಎರಡು ಕವಲೊಡೆದು ಗಿಡ ಪೊದೆಯಾಗುತ್ತದೆ. ಹೂತೆನೆ ಕಂಡೊಡನೆ ತೆಗೆಯದಿದ್ದರೆ ಎಲೆ ಸಣ್ಣದಾಗಿ, ರುಚಿ ಒರಟಾಗುತ್ತದೆ. ಮಳೆಗಾಲದಲ್ಲಿ ಎಲೆಯ ಮೇಲ್ಭಾಗ ಹಳದಿಯಾಗಿ ಅಡಿಯಲ್ಲಿ ಬೂದುಬಣ್ಣದ ಬೂಷ್ಟು ಕಾಣಿಸಿದರೆ ಅದು ಬೂಜುರೋಗ. ಅಂಥ ಗಿಡವನ್ನು ಕಿತ್ತು ದೂರ ಹಾಕಿ, ಉಳಿದವನ್ನು ಮಳೆಹನಿ ಬೀಳದ, ಗಾಳಿಯಾಡುವ ಸೂರಿನಡಿ ಇಡುತ್ತೇನೆ. ನೀರನ್ನು ಬೆಳಿಗ್ಗೆ, ಎಲೆಗೆ ತಾಗದಂತೆ ಬುಡಕ್ಕಷ್ಟೇ ಹಾಕುತ್ತೇನೆ.

ಪೆಸ್ಟೊಗೆ ಎಳೆಯ ಎಲೆಯೇ ಆಗಬೇಕು. ಪೆಸ್ಟೊದ ತವರಾದ ಇಟಲಿಯ ಲಿಗುರಿಯಾ ಪ್ರಾಂತದ ಜೆನೊವಾ ನಗರದಲ್ಲಿ, ಅದರಲ್ಲೂ ಪ್ರಾ ಎಂಬ ಭಾಗದಲ್ಲಿ ಬೆಳೆಯುವ ಬೇಸಿಲ್ ಪ್ರಸಿದ್ಧ. ಅಲ್ಲಿ ಗಿಡ ಇನ್ನೂ ಚಿಕ್ಕದಿರುವಾಗಲೇ ಬೇರುಸಮೇತ ಕಿತ್ತು ಕಟ್ಟು ಕಟ್ಟಿ ಮಾರುತ್ತಾರೆ. ಲಿಗುರಿಯಾದ ಈ ಬೇಸಿಲ್‌ಗೆ 2005ರಲ್ಲಿ ಐರೋಪ್ಯ ಒಕ್ಕೂಟದ ಸಂರಕ್ಷಿತ ಮೂಲನಾಮದ, ಅಂದರೆ ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಸಲ್ಲುವ, ಮಾನ್ಯತೆ ದೊರೆಯಿತು. ನಾನು ಬೆಳ್ಳುಳ್ಳಿ ಮತ್ತು ಹರಳುಪ್ಪನ್ನು ಕಲ್ಲಿನ ಕುಟ್ಟಾಣಿಯಲ್ಲಿ ನುಣ್ಣಗೆ ಮಾಡಿ, ಪೈನ್ ಬೀಜ ಮತ್ತು ಎಲೆಗಳನ್ನು ಸೇರಿಸಿ ಅರೆದು, ಕೊನೆಯಲ್ಲಿ ತುರಿದ ಪಾರ್ಮೆಸಾನ್, ಪೆಕೊರಿನೊ ಚೀಸ್‌ಗಳನ್ನೂ ಆಲಿವ್ ಎಣ್ಣೆಯನ್ನೂ ಕಲಸುತ್ತೇನೆ. ಮಿಕ್ಸಿಯ ಬಿಸಿಗೆ ಎಲೆ ಬೇಗ ಕಪ್ಪಾಗುವುದರಿಂದ ಕುಟ್ಟಾಣಿಯ ಶ್ರಮ ಸಾರ್ಥಕವೆಂಬುದು ನನ್ನ ಖಚಿತ ಅಭಿಪ್ರಾಯ. ಪೆಸ್ಟೊವನ್ನು ಒಲೆಯ ಮೇಲಿಡಬಾರದು. ಪಾಸ್ತಾ ಬೇಯಿಸಿದ ನೀರನ್ನು ಒಂದೆರಡು ಚಮಚ ಹಾಕಿ ತೆಳುಮಾಡಿದರೆ ಸಾಕು. ಜೆನೊವಾದವರು ಪಾಸ್ತಾದ ಜೊತೆಯಲ್ಲೇ ಆಲೂಗಡ್ಡೆ, ಹುರುಳಿಕಾಯಿಗಳನ್ನೂ ಬೇಯಿಸಿ ಇದರಲ್ಲಿ ಕಲಸುತ್ತಾರೆ. ಹುರುಳಿಕಾಯಿ ಸುಲಭವಾಗಿ ಸಿಗುವ ನಮ್ಮೂರಿಗೂ ಇದು ಹೇಳಿಮಾಡಿಸಿದ ಅಡುಗೆ.

ಪಾರ್ಸ್ಲಿ ಬೀಜಕ್ಕೆ ತಾಳ್ಮೆ ಬೇಕು. ರಾತ್ರಿಯಿಡೀ ನೆನೆಸಿ ಬಿತ್ತಿದರೂ ಎರಡು ಮೂರು ವಾರ ಕಾಯಬೇಕಾಗುತ್ತದೆ. ಗುಂಗುರು ಎಲೆಯದಕ್ಕಿಂತ ಚಪ್ಪಟೆ ಎಲೆಯ ಬಗೆಯನ್ನು ನಾನು ಮೆಚ್ಚುತ್ತೇನೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಆಲಿವ್ ಎಣ್ಣೆಯ ಸ್ಪಗೆಟ್ಟಿಗೆ ಅದನ್ನು ಹೆಚ್ಚಿ ಕೊನೆಯಲ್ಲಿ ಬೆರೆಸುತ್ತೇನೆ.

ರೋಸ್‌ಮರಿ, ಥೈಮ್, ಸೇಜ್ ಗಿಡಗಳ ಮಣ್ಣಿಗೆ ಮೂರನೆಯ ಒಂದು ಪಾಲು ದಪ್ಪ ಮರಳು ಹಾಕುತ್ತೇನೆ. ಬೆರಳು ಚುಚ್ಚಿ ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು ಕೊಡುತ್ತೇನೆ, ಏಕೆಂದರೆ ಇವು ಬಾಯಾರಿಕೆಗಿಂತ ಬೇರು ಕೊಳೆತು ಸಾಯುವುದೇ ಹೆಚ್ಚು. ಕಡಲೆಕಾಳಿನ ಪಾಸ್ತಾಕ್ಕೆ ರೋಸ್‌ಮರಿಯ ಚಿಕ್ಕ ಕಡ್ಡಿಯನ್ನು ಬೆಳ್ಳುಳ್ಳಿಯೊಡನೆ ಎಣ್ಣೆಯಲ್ಲಿ ಬಾಡಿಸಿ ಆಮೇಲೆ ತೆಗೆದುಬಿಡುತ್ತೇನೆ. ಹೆಚ್ಚಾದರೆ ಔಷಧಿಯ ವಾಸನೆ ಬರುತ್ತದೆ. ಸೇಜ್ ಎಲೆ ಗರಿಗರಿಯಾಗುವಂತೆ ಬೆಣ್ಣೆಯಲ್ಲಿ ಕರಿದರೆ ಕುಂಬಳಕಾಯಿ ತುಂಬಿದ ರವಿಯೋಲಿ ಪಾಸ್ತಾಕ್ಕೆ ಬೇರೆ ಸಾಸ್ ಬೇಡ.

ಓರೆಗಾನೊ ಒಣಗಿಸಿದಾಗಲೇ ಹೆಚ್ಚು ರುಚಿ. ಮೊಗ್ಗು ಬಿಡುವ ಹೊತ್ತಿಗೆ ಕಡ್ಡಿಗಳನ್ನು ಕತ್ತರಿಸಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ, ಒಣಗಿದ ಎಲೆಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ಟೊಮೇಟೊ ಸಾಸ್‌ಗೆ ಅಂಗೈಯಲ್ಲಿ ತಿಕ್ಕಿ ಹಾಕುತ್ತೇನೆ. ಅದು ಮುಗಿದಾಗ ದೊಡ್ಡಪತ್ರೆ ನೆರವಿಗೆ ಬರುತ್ತದೆ. ಕಾರ್ವಕ್ರಾಲ್ ಎಂಬ ಪರಿಮಳದ್ರವ್ಯ ಎರಡರಲ್ಲೂ ಇದೆ. ದೊಡ್ಡಪತ್ರೆಯಲ್ಲಿ ನೀರಿನಂಶ ಹೆಚ್ಚಾದ್ದರಿಂದ, ನಾಲ್ಕು ಜನರ ಸಾಸ್‌ಗೆ ಒಂದೇ ಎಲೆಯನ್ನು ಸಣ್ಣಗೆ ಹೆಚ್ಚಿ, ಈರುಳ್ಳಿಯೊಡನೆ ಎಣ್ಣೆಯಲ್ಲಿ ಪೂರ್ತಿ ಬಾಡಿಸಿದ ಮೇಲೆ ಟೊಮೇಟೊ ಸುರಿಯುತ್ತೇನೆ.